"ಇವರೂ ಹಾಗೇ ಅಂದರು" ಅಂತ ನಮ್ಮ ಹೆಸರು ಎಳೆದು ತರುವವರಿಗೆ ಏನು ಹೇಳೋದು?

ಕಿಟಕಿ_ಸೀಟು
ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ. ಮಾತುಕತೆ ಚೆನ್ನಾಗಿಯೇ ಇದೆ, ಜಗಳ ಏನಿಲ್ಲ. ಹೊಸ ಶಿಫ್ಟ್ ಪಟ್ಟಿ ಬಂದ ದಿನ ಇಬ್ಬರೂ ಲಿಫ್ಟ್ ಕಾಯುತ್ತಾ ನಿಂತಿದ್ದೆವು. "ಇದು ಸ್ವಲ್ಪ ಕಷ್ಟ ಅಲ್ವಾ" ಅಂದರು. "ಹ್ಞೂಂ, ಕಷ್ಟಾನೇ" ಅಂದೆ. ಅಷ್ಟೇ ಮಾತು. ಮಾರನೇ ದಿನ ಮೀಟಿಂಗ್‌ನಲ್ಲಿ ಅವರು "ಇದು ನನ್ನೊಬ್ಬನ ಮಾತಲ್ಲ ಸರ್, ಇದು ನಡೆಯಲ್ಲ ಅಂತ ಇವರೂ ಹೇಳುತ್ತಿದ್ದರು" ಅಂತ ನನ್ನ ಹೆಸರು ಹೇಳಿ ಕೈ ತೋರಿಸಿದರು. ಮ್ಯಾನೇಜರ್ ನನ್ನ ಮುಖ ನೋಡಿದರು. ಹೌದು ಅನ್ನೋಕೂ ಆಗದೆ, ಇಲ್ಲ ಅನ್ನೋಕೂ ಆಗದೆ ನಾನು ಲ್ಯಾಪ್‌ಟಾಪ್ ನೋಡಿದೆ.

"ಕಷ್ಟ" ಹೋಗಿ "ನಡೆಯಲ್ಲ" ಆಗಿತ್ತು, ಅದು ಬೇರೆ ಕಥೆ.

ಇದಕ್ಕೆ ನೀವೆಲ್ಲ ಏನಂತೀರಿ? ಜಗಳ ಆಡದೆ ನಿಲ್ಲಿಸೋದು ಹೇಗೆ? ಎದುರಿಗೆ ಇಲ್ಲದವರ ಹೆಸರು, ಅಥವಾ ಇದ್ದೂ ಬಾಯಿ ಬಿಡದವರ ಹೆಸರು ಎತ್ತುವುದಕ್ಕೆ ಏನಾದರೂ ಕ್ರಮ ಅಂತ ಇದೆಯಾ, ಇಲ್ಲ ಬಾಯಿಗೆ ಬಂದಿದ್ದು ಬಂತು ಅಷ್ಟೇನಾ?

ಎರಡನೇ_ಬೆಂಚು
ನಿಮ್ಮ ಹೆಗಲು, ಅವರ ಬಂದೂಕು.

ಅರ್ಧವಿರಾಮ
ನಮ್ಮ ಟೀಮಿನಲ್ಲಿ ಇದಕ್ಕೆ "ಸಾಕ್ಷಿಗೆ ಎಳೆಯೋದು" ಅನ್ನುತ್ತೇವೆ. ಹೀಗೆ ಎಳೆಯುವವರನ್ನು ಗಮನಿಸಿ ನೋಡಿ. ಒಳ್ಳೆಯ ಐಡಿಯಾ ಇದ್ದರೆ "ನನಗೆ ಅನ್ನಿಸಿದ್ದು ಏನಂದರೆ". ತಕರಾರು ಇದ್ದರೆ "ಎಲ್ಲರೂ ಹೇಳುತ್ತಿದ್ದಾರೆ".

ಹಳೇ_ರೇಡಿಯೊ
ಅರ್ಧವಿರಾಮ ಅವರೇ, ಆ "ಎಲ್ಲರೂ" ಅಂದರೆ ಸಾಮಾನ್ಯವಾಗಿ ಇಬ್ಬರು. ಅದರಲ್ಲೊಬ್ಬರು ಹೇಳುತ್ತಿರುವವರೇ.

ತಕರಾರು_ಮಾಸ್ಟರ್
ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಕಷ್ಟ ಅಂದಿದ್ದು ನಿಜ ತಾನೇ? ಲಿಫ್ಟ್ ಹತ್ತಿರ ಹ್ಞೂಂಗುಟ್ಟೋದು, ಮೀಟಿಂಗ್‌ನಲ್ಲಿ ಬಾಯಿಗೆ ಬೀಗ. ಹೀಗೆ ಎಲ್ಲರೂ ಮಾಡಿದರೆ ಬಾಯಿ ಬಿಟ್ಟ ಒಬ್ಬರೇ ಬೈಸಿಕೊಳ್ಳಬೇಕಾಗುತ್ತದೆ. ಹೆಸರು ತಂದಿದ್ದು ತಪ್ಪು ಅನ್ನೋದಾದರೆ, ಅವರನ್ನು ಒಂಟಿ ಮಾಡಿ ಲ್ಯಾಪ್‌ಟಾಪ್ ನೋಡಿದ್ದು ಸರಿನಾ?

ಕಿಟಕಿ_ಸೀಟು
ಮಾಸ್ಟರ್, ಅವರು ಮೀಟಿಂಗ್‌ನಲ್ಲಿ ಇದನ್ನು ಎತ್ತುತ್ತಾರೆ ಅಂತಲೇ ಗೊತ್ತಿರಲಿಲ್ಲ. ಮೊದಲೇ ಹೇಳಿದ್ದರೆ ನಾನೇ ಮಾತಾಡುತ್ತಿದ್ದೆ. ನನ್ನ ಮಾತನ್ನ ನನ್ನ ಬಾಯಲ್ಲಿ.

ನೈಟ್‌ಶಿಫ್ಟ್
ಮಾಸ್ಟರ್ ಒಂದು ವ್ಯತ್ಯಾಸ ಬಿಟ್ಟರು. ಒಬ್ಬರು ಹೇಳಿದ ವಿಷಯ ಬೇರೆ, ಹೇಳಿದ್ದು ಇಂಥವರೇ ಅನ್ನೋ ವಿಷಯ ಬೇರೆ. ಮೊದಲನೆಯದನ್ನು ಹೊರಗೆ ಒಯ್ಯಬಹುದು. ಎರಡನೆಯದಕ್ಕೆ ಅವರನ್ನೇ ಕೇಳಬೇಕು. "ಇನ್ನೂ ಕೆಲವರಿಗೆ ಹೀಗೇ ಅನ್ನಿಸಿದೆ ಸರ್" ಅಂದಿದ್ದರೆ ಕೆಲಸವೂ ಆಗುತ್ತಿತ್ತು, ಯಾರ ಮುಖವೂ ಕೆಂಪಾಗುತ್ತಿರಲಿಲ್ಲ. ಲಂಡನ್ನಿನ ಚ್ಯಾಟಮ್ ಹೌಸ್ ಸಂಸ್ಥೆ 1927ರಲ್ಲೇ ಇದಕ್ಕೊಂದು ನಿಯಮ ಮಾಡಿಟ್ಟಿದೆ.

ಅಂಚೆಪೆಟ್ಟಿಗೆ
ಅದು ಗುಟ್ಟಿನ ಸಭೆಗಳ ನಿಯಮ ಅಲ್ವಾ? ಒಳಗೆ ಆಡಿದ ಮಾತು ಏನೂ ಹೊರಗೆ ಹೋಗಬಾರದು ಅಂತ?

ನೈಟ್‌ಶಿಫ್ಟ್
ಜಾಸ್ತಿ ಜನ ಹಾಗೇ ತಿಳಿದುಕೊಂಡಿದ್ದಾರೆ. ನಿಯಮ ಹೇಳೋದು ಅದಲ್ಲ. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಧಾರಾಳವಾಗಿ ಬಳಸಬಹುದು. ಆದರೆ ಅದನ್ನು ಹೇಳಿದ್ದು ಯಾರು, ಅವರು ಯಾವ ಸಂಸ್ಥೆಯವರು, ಅಲ್ಲಿ ಇನ್ನೂ ಯಾರ್ಯಾರು ಇದ್ದರು ಅನ್ನೋದನ್ನು ಬಿಟ್ಟುಕೊಡಬಾರದು. ಮಾತು ಊರೆಲ್ಲ ಸುತ್ತಲಿ, ಹೆಸರು ಕೋಣೆಯಲ್ಲೇ ಇರಲಿ ಅಂತ.

ತಕರಾರು_ಮಾಸ್ಟರ್
ಲಂಡನ್ನಿನ ದೊಡ್ಡವರ ಸಭೆ ನಿಯಮ ನಮ್ಮ ಲಿಫ್ಟ್‌ಗೆ ಯಾಕೆ ಸ್ವಾಮಿ?

ನೈಟ್‌ಶಿಫ್ಟ್
ಲಿಫ್ಟ್‌ನಲ್ಲೂ ಜನರೇ ಇರೋದು.

ಹಳೇ_ರೇಡಿಯೊ
ನಾನು ಪತ್ರಿಕೆಯಲ್ಲಿ ಕೆಲಸ ಮಾಡಿದವನು. ನಮ್ಮ ಕಸುಬಿನಲ್ಲಿ ಇದನ್ನು ಮಾತು ಶುರುವಾಗುವ ಮೊದಲೇ ಮುಗಿಸಿಕೊಳ್ಳುತ್ತೇವೆ. ಹೆಸರು ಹಾಕಬಹುದಾ? ಹೆಸರು ಬಿಟ್ಟು "ಹಿರಿಯ ಅಧಿಕಾರಿಯೊಬ್ಬರು" ಅಂತ ಹಾಕಬಹುದಾ? ಇಲ್ಲ ಬರೆಯಲೇಬಾರದಾ, ಸುಮ್ನೆ ನನ್ನ ತಿಳಿವಳಿಕೆಗೆ ಮಾತ್ರನಾ? ಎಲ್ಲಾ ಹೇಳಿ ಮುಗಿಸಿದ ಮೇಲೆ "ನನ್ನ ಹೆಸರು ಎಲ್ಲೂ ಬರಬಾರದು" ಅಂದರೆ ವರದಿಗಾರ ಒಪ್ಪಲೇಬೇಕು ಅಂತೇನಿಲ್ಲ. ಒಳ್ಳೆಯವನಾಗಿದ್ದರೆ ಒಪ್ಪುತ್ತಾನೆ.

ಹೆಸರು ಕಾಪಾಡೋದು ಅಂದರೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಡಬೇಕಾಗಿ ಬಂದ ವಾಟರ್‌ಗೇಟ್ ಹಗರಣ ನೋಡಿ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರ ವುಡ್‌ವರ್ಡ್ ಅವರಿಗೆ 1972ರಿಂದ ಸುಳಿವು ಕೊಡುತ್ತಿದ್ದ ಆ ಮನುಷ್ಯನಿಗೆ ಒಂದು ಅಡ್ಡಹೆಸರು ಮಾತ್ರ ಇತ್ತು. ಯಾರಿರಬಹುದು ಅಂತ ಮೂವತ್ತು ವರ್ಷಕ್ಕೂ ಜಾಸ್ತಿ ಜನ ತಲೆ ಕೆಡಿಸಿಕೊಂಡರು. ಕೊನೆಗೆ 2005ರಲ್ಲಿ ಅವರ ಕಡೆಯಿಂದಲೇ ಹೊರಬಂತು: ಮಾರ್ಕ್ ಫೆಲ್ಟ್, ಆಗ ಎಫ್‌ಬಿಐನಲ್ಲಿ ಎರಡನೇ ಸ್ಥಾನದಲ್ಲಿದ್ದವರು. ಅಲ್ಲಿಯವರೆಗೆ ಪತ್ರಿಕೆಯವರು ತುಟಿ ಬಿಚ್ಚಲಿಲ್ಲ. ನಮಗೆ ಒಂದು ಸಂಜೆ ಬಾಯಿ ಕಟ್ಟೋದೇ ಕಷ್ಟ.

ಚುಕ್ಕಿ_ರಂಗ
ಇಲ್ಲಿ ಇನ್ನೊಂದು ಜಾತಿಯನ್ನೂ ಸೇರಿಸಿ. "ಹೆಸರು ಬೇಡ ಬಿಡಿ" ಅಂತ ಶುರು ಮಾಡುವವರು. ಹೆಸರು ಬೇಡ, ಆದರೆ ಮೂರನೇ ಮಹಡಿಯವರು, ಹೋದ ತಿಂಗಳು ಹೊಸ ಬೈಕ್ ತಗೊಂಡವರು, ಕನ್ನಡಕ ಇದೆ, ಕೂದಲು ಸ್ವಲ್ಪ ಕಮ್ಮಿ. ಇಷ್ಟು ಹೇಳಿದ ಮೇಲೆ "ನಾನಂತೂ ಹೆಸರು ಹೇಳಲಿಲ್ಲ ನೋಡಿ".

ಎರಡನೇ_ಬೆಂಚು
ಆಧಾರ್ ನಂಬರ್ ಒಂದು ಬಿಟ್ಟು ಎಲ್ಲಾ ಕೊಟ್ಟಿದ್ದಾರೆ.

ಅಂಚೆಪೆಟ್ಟಿಗೆ
ನನಗೆ ಅದಕ್ಕಿಂತ ಸಿಟ್ಟು ಬರೋದು ಸ್ಟೇಟಸ್ ಹಾಕುವವರ ಮೇಲೆ. "ಕೆಲವರಿಗೆ ಉಪಕಾರ ಸ್ಮರಣೆ ಇರಲ್ಲ". ಯಾರಿಗೆ? ಗೊತ್ತಿಲ್ಲ. ನೋಡಿದವರೆಲ್ಲ ತಮಗೇ ಇರಬೇಕು ಅಂತ ಮೈ ಮುಟ್ಟಿ ನೋಡಿಕೊಳ್ಳೋದು.

ಚುಕ್ಕಿ_ರಂಗ
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋದೇ ಆ ಸ್ಟೇಟಸ್‌ನ ಉದ್ದೇಶ. ಒಬ್ಬರಿಗೆ ಬಿಟ್ಟ ಬಾಣ, ಗಾಯ ಹತ್ತು ಜನಕ್ಕೆ. ಹಾಕಿದವರನ್ನ ಕೇಳಿದರೆ "ಅಯ್ಯೋ, ಜನರಲ್ ಆಗಿ ಹಾಕಿದ್ದು ಕಣ್ರೀ".

ಮಳೆಗಾಲ
ನೀವೆಲ್ಲ ತುಂಬಾ ಸೀರಿಯಸ್ ಆಗಿದ್ದೀರಿ. ಹೆಸರು ಹೇಳದೆ ಒಬ್ಬರ ಬಗ್ಗೆ ಮಾತಾಡೋಕೆ ನಮ್ಮ ಭಾಷೆಯಲ್ಲಿ ಎಷ್ಟು ಮಾಲು ಇದೆ ನೋಡಿ. ಆ ಪುಣ್ಯಾತ್ಮ. ಆ ಮಹಾನುಭಾವ. ಆಸಾಮಿ. ಗಿರಾಕಿ. ಪಾರ್ಟಿ. ಸಾಹೇಬರು. ನಮ್ಮೋರು. ಮೇಲಿನೋರು. ಸುಮ್ನೆ ಹುಬ್ಬು ಎತ್ತಿ "ಅವರು" ಅಂದರೂ ಸಾಕು.

ಮಜಾ ಏನಂದರೆ ಪ್ರತಿಯೊಂದಕ್ಕೂ ಒಂದೊಂದು ಬಿಸಿ ಇದೆ. "ಪುಣ್ಯಾತ್ಮ" ಅಂದರೆ ಕೆಲಸ ಕೆಡಿಸಿದ್ದಾನೆ, ಆದರೂ ಸ್ವಲ್ಪ ಪ್ರೀತಿ ಇದೆ. "ಮಹಾನುಭಾವ" ಅಂದರೆ ಪ್ರೀತಿಯೂ ಹೋಗಿದೆ. "ಗಿರಾಕಿ" ಅಂದರೆ ಹುಷಾರಾಗಿರಿ, ಕೈಗೆ ಸಿಗುವವನಲ್ಲ. "ಸಾಹೇಬರು" ಅಂದರೆ ಕೆಲಸ ಮಾಡಲ್ಲ, ಮಾಡಿಸುತ್ತಾರೆ.

ಹಳೇ_ರೇಡಿಯೊ
"ದೊಡ್ಡ ಮನುಷ್ಯರು" ಬಿಟ್ಟಿರಿ. ದೊಡ್ಡತನ ಇಲ್ಲದಾಗ ಮಾತ್ರ ಬಳಸುವ ಪದ.

ಅರ್ಧವಿರಾಮ
"ಅದೇ, ಆ ಕೇಸು" ಕೂಡ ಸೇರಿಸಿ. ನಮ್ಮಲ್ಲಿ ಒಬ್ಬರಿಗೆ ಪೂರ್ತಿ ಟೀಮ್ ಸೇರಿ "ಹವಾಮಾನ" ಅಂತ ಹೆಸರಿಟ್ಟಿತ್ತು. "ಇವತ್ತು ಹವಾಮಾನ ಹೇಗಿದೆ?" ಅಂತ ಅವರ ಎದುರಿಗೇ ಕೇಳುತ್ತಿದ್ದರು. ಕೊನೆಗೊಂದು ದಿನ ಅವರೇ "ಗುಡುಗು ಸಹಿತ ಮಳೆ" ಅಂತ ಉತ್ತರ ಕೊಟ್ಟರು. ಆಮೇಲೆ ಯಾರೂ ಕೇಳಿಲ್ಲ.

ಎರಡನೇ_ಬೆಂಚು
ಅವರ ಅಭಿಮಾನಿ ಆದೆ.

ಗಾಳಿಪಟ_88
ಇದೆಲ್ಲ ಬಿಡಿ, ದೊಡ್ಡವರ ಹೆಸರು ಹೇಳಿ ಬಿಲ್ಡಪ್ ಕೊಡುವವರ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. "ಮೊನ್ನೆ ಅವರ ಜೊತೆ ಕೂತಿದ್ದೆ", "ಅವರು ನನಗೆ ಫೋನ್ ಮಾಡಿಯೇ ನಿರ್ಧಾರ ಮಾಡೋದು". ನಮ್ಮ ಪರಿಚಯದವರೊಬ್ಬರು ಸೆಲೆಬ್ರಿಟಿಗಳನ್ನೆಲ್ಲ ಅರ್ಧ ಹೆಸರಿನಲ್ಲೇ ಕರೆಯೋದು, ಒಂದೇ ಬೆಂಚಿನಲ್ಲಿ ಕೂತು ಓದಿದವರ ಥರ. ಫೋಟೊ ಕೇಳಿದರೆ ಹಳೇ ಫೋನಿನಲ್ಲಿದೆ.

ನೈಟ್‌ಶಿಫ್ಟ್
ಗಾಳಿಪಟ ಅವರೇ, ಈ ಸ್ಕೋಪ್ ತಗೊಳ್ಳುವವರ ಮೇಲೆ ಒಂದು ಪ್ರಯೋಗವೇ ಆಗಿದೆ. 2009ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಪ್ರಕಟಿಸಿದ್ದು. ಜನರಿಗೆ ಒಬ್ಬ ಅಪರಿಚಿತರ ಜೊತೆ ಇಮೇಲ್‌ನಲ್ಲಿ ಪರಿಚಯ. ಆ ಅಪರಿಚಿತರು ಟೆನಿಸ್ ಆಟಗಾರ ರೋಜರ್ ಫೆಡರರ್ ಹೆಸರು ತರುತ್ತಾರೆ. ಕೆಲವರ ಹತ್ತಿರ ಬರೀ ಅಭಿಮಾನಿ ಅಂತ, ಕೆಲವರ ಹತ್ತಿರ ಗೆಳೆಯ ಅಂತ. ನಂಟು ಹತ್ತಿರದ್ದು ಅಂತ ಹೇಳಿಕೊಂಡಷ್ಟೂ ಓದಿದವರಿಗೆ ಆ ಮನುಷ್ಯ ಕಡಿಮೆ ಇಷ್ಟ ಆದ. ಜಾಣ ಅಂತಲೂ ಅನ್ನಿಸಲಿಲ್ಲ. ನಮ್ಮನ್ನ ಬುಟ್ಟಿಗೆ ಹಾಕಿಕೊಳ್ಳೋಕೆ ನೋಡುತ್ತಿದ್ದಾನೆ ಅನ್ನೋ ಅನುಮಾನ ಬಂದಿದ್ದೇ ಕಾರಣ.

ಗಾಳಿಪಟ_88
ಹಾಗಾದರೆ ಯಾಕೆ ಇನ್ನೂ ಎಲ್ಲರೂ ಅದನ್ನೇ ಮಾಡುತ್ತಾರೆ?

ತಕರಾರು_ಮಾಸ್ಟರ್
ಯಾಕಂದರೆ ಕೆಲಸ ಆಗುತ್ತೆ. ಇಷ್ಟ ಆಗೋದು ಬೇರೆ, ಬಾಗಿಲು ತೆಗೆಯೋದು ಬೇರೆ. ಕೌಂಟರಿನಲ್ಲಿ "ಇಂಥವರು ಕಳಿಸಿದ್ದಾರೆ" ಅಂದರೆ ಕುರ್ಚಿ ಸಿಗುತ್ತದೆ. ಅವರಿಗೆ ನಿಮ್ಮನ್ನ ಕಂಡರೆ ಆಗದೇ ಇರಬಹುದು, ಕುರ್ಚಿ ಅಂತೂ ಸಿಕ್ಕಿತು. ಪ್ರಯೋಗದಲ್ಲಿ ಇಷ್ಟ ಎಷ್ಟು ಅಂತ ಅಳೆದರು, ಕುರ್ಚಿ ಅಳೆಯಲಿಲ್ಲ.

ನೈಟ್‌ಶಿಫ್ಟ್
ಈ ಸಲ ಮಾಸ್ಟರ್ ಮಾತು ಒಪ್ಪಿದೆ.

ಮಳೆಗಾಲ
ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಅಂಚೆಪೆಟ್ಟಿಗೆ
"ಗೆದ್ದರೆ ನಾವು, ಸೋತರೆ ಅವರು" ಅನ್ನೋದೂ ಇದರ ತಮ್ಮನೇ. ಚಿಯಾಲ್ಡಿನಿ ಅನ್ನೋ ಮನಶ್ಶಾಸ್ತ್ರಜ್ಞರು 1976ರಲ್ಲಿ ಅಮೆರಿಕದ ಕಾಲೇಜು ಹುಡುಗರ ಮೇಲೆ ಇದನ್ನೇ ತೋರಿಸಿದ್ದರು. ಶನಿವಾರ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದರೆ ಸೋಮವಾರ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ಜಾಸ್ತಿ ಕಾಣುತ್ತಿತ್ತು. ಆಟದ ಬಗ್ಗೆ ಕೇಳಿದರೆ ಗೆಲುವಿಗೆ "ನಾವು" ಅನ್ನೋದು ಜಾಸ್ತಿ, ಸೋಲಿಗೆ ಕಡಿಮೆ. ಆಡಿದವರು ಹನ್ನೊಂದು ಜನ.

ಗಾಳಿಪಟ_88
ನಾನು ಕ್ರಿಕೆಟ್ ನೋಡುವಾಗ ಹಾಗೇ. ಬ್ಯಾಟು ಮುಟ್ಟಿ ಎಷ್ಟು ಕಾಲ ಆಯಿತೋ.

ಸೂಜಿಮಲ್ಲಿ
ತಡವಾಗಿ ಬಂದೆ. ಕಿಟಕಿ ಸೀಟು ಅವರ ಪ್ರಶ್ನೆಗೆ ವಾಪಸ್ ಬರುತ್ತೇನೆ. ಹೆಸರು ಎತ್ತೋದು ಸರಿಯೋ ತಪ್ಪೋ ಅನ್ನೋದು ಹೆಸರಿಗಿಂತ ಆಮೇಲೆ ಬರುವ ವಾಕ್ಯದ ಮೇಲೆ ನಿಂತಿದೆ. "ಈ ಉಪಾಯ ಇವರದ್ದು" ಅಂತ ಹೆಸರು ಹೇಳಿದರೆ ಅದು ಸಲ್ಲಬೇಕಾದ್ದು ಸಲ್ಲಿಸಿದ ಹಾಗೆ. ಹೇಳದಿದ್ದರೇ ತಪ್ಪು. "ಈ ತಕರಾರು ಇವರದ್ದು" ಅಂದರೆ ಅವರನ್ನ ಮುಂದೆ ತಳ್ಳಿದ ಹಾಗೆ. ಕೇಳದೆ ಹೇಳಿದರೆ ತಪ್ಪು. ನಮ್ಮಲ್ಲಿ ಉಲ್ಟಾ ನಡೆಯುತ್ತದೆ. ಐಡಿಯಾಗೆ ಹೆಸರೇ ಇರಲ್ಲ, ದೂರಿಗೆ ಹೆಸರಿನ ಪಟ್ಟಿಯೇ ಇರುತ್ತದೆ.

ಇಲ್ಲದವರ ಬಗ್ಗೆ ಬಾಯಿಗೆ ಬಂದ ಹಾಗೆ ಆಡಿದರೆ ಅದು ನಮಗೇ ಅಂಟುತ್ತದೆ ಅನ್ನೋದಕ್ಕೂ 1998ರ ಒಂದು ಅಧ್ಯಯನ ಇದೆ. ಒಬ್ಬರು ಮತ್ತೊಬ್ಬರನ್ನ ಕ್ರೂರಿ ಅಂತ ಬಣ್ಣಿಸಿದರೆ, ಕೇಳಿದವರು ಆಮೇಲೆ ಬಣ್ಣಿಸಿದವರಲ್ಲೇ ಸ್ವಲ್ಪ ಕ್ರೌರ್ಯ ಕಾಣುತ್ತಾರೆ. ತರ್ಕ ಏನಿಲ್ಲ, ನೆನಪಿನಲ್ಲಿ ಆ ಗುಣ ಮತ್ತು ಆ ಮುಖ ಅಂಟಿಕೊಂಡುಬಿಡುತ್ತವೆ. ಒಳ್ಳೆಯ ಮಾತಿಗೂ ಹಾಗೇ.

ಎರಡನೇ_ಬೆಂಚು
ನನ್ನ ಸುತ್ತ ಇರುವವರೆಲ್ಲ ತುಂಬಾ ಒಳ್ಳೆಯವರು. ಎಲ್ಲರಿಗೂ ಹೇಳಿ.

ಹಳೇ_ರೇಡಿಯೊ
ಎಲ್ಲರಿಗೂ ನೆನಪಿರಲಿ ಅಂತ ಒಂದು: ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಸದಸ್ಯರು ಚರ್ಚೆಯಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಹಾಗಿಲ್ಲ. "ಇಂಥ ಕ್ಷೇತ್ರದ ಮಾನ್ಯ ಸದಸ್ಯರು" ಅನ್ನಬೇಕು. ಅಲ್ಲಿ ಸಭಾಧ್ಯಕ್ಷರು ಒಬ್ಬರನ್ನು "ಹೆಸರಿಸಿದರು" ಅಂದರೆ ಅದು ಶಿಕ್ಷೆಯ ಶುರು, ಮುಂದೆ ಅಮಾನತು. ನಮ್ಮ ಲೋಕಸಭೆಯ ನಿಯಮ 374ರಲ್ಲೂ ಹೆಸರಿಸೋದು ಅಂದರೆ ಅದೇ ಅರ್ಥ. ಇನ್ನು ನಿಯಮ 353. ಯಾರದೇ ಮೇಲೆ ಮಾನ ಹೋಗುವಂಥ ಆರೋಪ ಮಾಡುವ ಮೊದಲು ಸ್ಪೀಕರ್‌ಗೆ, ಸಂಬಂಧಪಟ್ಟ ಮಂತ್ರಿಗೆ ಮೊದಲೇ ತಿಳಿಸಬೇಕು.

ಚುಕ್ಕಿ_ರಂಗ
353 ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ತನ್ನಿ.

ಮಳೆಗಾಲ
ಹೆಸರೇ ಎತ್ತಬಾರದು ಅಂತ ಕಟ್ಟು ಮಾಡಿದ್ದು ಯಾವತ್ತಾದರೂ ಫಲಿಸಿದೆಯಾ? ಕ್ರಿಸ್ತಪೂರ್ವ 356ರಲ್ಲಿ ಎಫೆಸಸ್ ಪಟ್ಟಣದ ಆರ್ಟೆಮಿಸ್ ದೇವಸ್ಥಾನಕ್ಕೆ ಒಬ್ಬ ಬೆಂಕಿ ಇಟ್ಟ. ಯಾಕಪ್ಪಾ ಅಂದರೆ ತನ್ನ ಹೆಸರು ಉಳಿಯಬೇಕು ಅಂತ. ಊರಿನವರು ಅವನ ಹೆಸರು ಹೇಳಬಾರದು ಅಂತ ಆಜ್ಞೆ ಮಾಡಿದರು. ಥಿಯೋಪೊಂಪಸ್ ಅನ್ನೋ ಇತಿಹಾಸಕಾರ ಬರೆದಿಟ್ಟುಬಿಟ್ಟ. ಹೆಸರು ಹೆರೊಸ್ಟ್ರಾಟಸ್. ನೋಡಿ, ನಾನೂ ಹೇಳಿಬಿಟ್ಟೆ. ದೇವಸ್ಥಾನ ಕಟ್ಟಿದ ಕೂಲಿಯವನೊಬ್ಬನ ಹೆಸರಾದರೂ ಯಾರಿಗಾದರೂ ಗೊತ್ತಾ?

ಸೂಜಿಮಲ್ಲಿ
ಆಜ್ಞೆ ಮಾಡಿದರೆ ಫಲಿಸಲ್ಲ, ತಾವೇ ನಿರ್ಧಾರ ಮಾಡಿದರೆ ಸ್ವಲ್ಪ ಫಲಿಸುತ್ತದೆ. 2019ರ ಮಾರ್ಚ್‌ನಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳ ಮೇಲೆ ದಾಳಿ ಆದಾಗ ನ್ಯೂಜಿಲೆಂಡ್ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ, ದಾಳಿಕೋರನ ಹೆಸರನ್ನು ತಾನು ಎಂದೂ ಎತ್ತೋದಿಲ್ಲ, ಸತ್ತವರ ಹೆಸರು ಹೇಳಿ ಅಂದರು. ನನಗಂತೂ ಇವತ್ತಿಗೂ ಅವನ ಹೆಸರು ನೆನಪಿಲ್ಲ. ಆರ್ಡರ್ನ್ ಹೆಸರು ನೆನಪಿದೆ.

ಗಾಳಿಪಟ_88
ವಿಷಯ ಭಾರ ಆಯಿತು. ಒಂದು ಸಣ್ಣ ಡೌಟು. ಎದುರಿಗೆ ಇಲ್ಲದಾಗ ಮ್ಯಾನೇಜರನ್ನ "ಅವನು" ಅನ್ನೋದು, ಬಂದ ತಕ್ಷಣ "ಬನ್ನಿ ಸರ್". ಇದು ಎಲ್ಲರೂ ಮಾಡೋದೇನಾ, ನಮ್ಮಲ್ಲಿ ಮಾತ್ರನಾ?

ತಕರಾರು_ಮಾಸ್ಟರ್
ಎಲ್ಲರೂ ಮಾಡೋದು. ನಾನು ಮಾಡಲ್ಲ. ಒಂದೇ ಕಾರಣ: ಬಾಯಿಗೆ ಅಭ್ಯಾಸ ಆಗಿಬಿಟ್ಟರೆ ಎದುರಿಗೇ ಜಾರುತ್ತದೆ. ಬಹುವಚನದಲ್ಲೇ ಬೈದರೆ ತೃಪ್ತಿಯೂ ಜಾಸ್ತಿ. "ಅವರಿಗೆ ತಲೆ ಇಲ್ಲ" ಅನ್ನೋದರಲ್ಲಿ ಒಂದು ಗಾಂಭೀರ್ಯ ಇದೆ.

ಅರ್ಧವಿರಾಮ
ಮಾತಾಡುತ್ತಿರುವಾಗಲೇ ಅವರು ಬಂದರೆ ಏನು ಮಾಡುತ್ತೀರಿ ಮಾಸ್ಟರ್? "ನೂರು ವರ್ಷ ಆಯಸ್ಸು ಸರ್, ಈಗ ತಾನೇ ನಿಮ್ಮ ಹೆಸರು ಎತ್ತಿದೆವು" ಅಂತೀರಾ?

ತಕರಾರು_ಮಾಸ್ಟರ್
ಅದನ್ನು ಹೇಳಬಾರದು. "ಏನಂತ ಎತ್ತಿದಿರಿ?" ಅಂತ ಕೇಳಿದರೆ ಮುಗೀತು.

ನೈಟ್‌ಶಿಫ್ಟ್
ಪಿಸುಗುಟ್ಟಿದರೆ ಕೇಳಲ್ಲ ಅಂತ ಧೈರ್ಯ ಬೇಡ. 1959ರಲ್ಲಿ ಮೊರೇ ಅನ್ನೋ ಸಂಶೋಧಕರು ಜನರಿಗೆ ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದನ್ನ ಮಾತ್ರ ಗಮನಿಸಿ ಅಂದರು. ಇನ್ನೊಂದು ಕಿವಿಯಲ್ಲಿ ಏನಿತ್ತು ಅಂತ ಅವರಿಗೆ ಹೇಳೋಕೇ ಆಗಲಿಲ್ಲ. ಆದರೆ ಅದರಲ್ಲಿ ಅವರ ಹೆಸರು ಬಂದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಕೇಳಿಸಿತು. ಸದ್ದಿನ ನಡುವೆ ಬೇರೆಲ್ಲ ಸೋರಿಹೋದರೂ ಹೆಸರು ತಟ್ಟುತ್ತದೆ.

ಎರಡನೇ_ಬೆಂಚು
ಮೂರರಲ್ಲಿ ಇಬ್ಬರಿಗೆ ಕೇಳಲ್ಲ. ಧೈರ್ಯ ಬಂತು.

ಕಿಟಕಿ_ಸೀಟು
ಎಲ್ಲಾ ಓದಿದೆ, ಥ್ಯಾಂಕ್ಸ್. ಇವತ್ತು ಅವರ ಜೊತೆ ಮಾತಾಡಿದೆ. ಒಬ್ಬರೇ ಇದ್ದಾಗ, ನಗುತ್ತಲೇ ಹೇಳಿದೆ: "ನನ್ನ ಅಭಿಪ್ರಾಯ ಬೇಕಿದ್ದರೆ ಮೀಟಿಂಗ್‌ಗೆ ಮುಂಚೆ ಒಂದು ಮಾತು ಹೇಳಿ, ನಾನೇ ಮಾತಾಡುತ್ತೇನೆ. ನನ್ನ ಪರವಾಗಿ ನೀವು ಹೇಳಬೇಡಿ." ಅವರು ಒಂದು ನಿಮಿಷ ಸುಮ್ಮನಿದ್ದರು. "ನಾನು ಹೇಳಿದರೆ ಯಾರೂ ಕೇಳಲ್ಲ, ನಿಮ್ಮ ಹೆಸರು ಬಂದರೆ ಕೇಳುತ್ತಾರೆ, ಅದಕ್ಕೇ" ಅಂದರು. ಸಿಟ್ಟು ಅರ್ಧ ಇಳಿಯಿತು. ಶಿಫ್ಟ್ ಪಟ್ಟಿ ಮಾತ್ರ ಹಾಗೇ ಇದೆ.

ಸೂಜಿಮಲ್ಲಿ
ಚೆನ್ನಾಗಿ ಹೇಳಿದ್ದೀರಿ. ಆದರೆ ಅವರ ಉತ್ತರಕ್ಕೆ ಜಾಸ್ತಿ ಕರಗಬೇಡಿ. ಹೊಗಳಿಕೆ ಕೊಟ್ಟು ಹೆಸರು ಎರವಲು ತಗೊಳ್ಳೋದು ಹಳೇ ವಿದ್ಯೆ.

ತಕರಾರು_ಮಾಸ್ಟರ್
ಪಾಪ, ಅದು ನಿಜವೂ ಇರಬಹುದಲ್ಲ. ಮೀಟಿಂಗ್‌ನಲ್ಲಿ ಕೆಲವರ ಮಾತು ಎಷ್ಟೇ ಸರಿ ಇದ್ದರೂ ಯಾರ ಕಿವಿಗೂ ಬೀಳಲ್ಲ. ಮುಂದಿನ ಸಲ ಅವರು ಎತ್ತಿದಾಗ "ಅವರು ಹೇಳಿದ್ದು ನನಗೂ ಸರಿ ಅನ್ನಿಸುತ್ತದೆ" ಅಂತ ನೀವೇ ಅವರ ಹೆಸರು ಹೇಳಿ ನೋಡಿ.

ಕಿಟಕಿ_ಸೀಟು
ಅದು ಮಾಡಬಹುದು.

ಅಂಚೆಪೆಟ್ಟಿಗೆ
ನನ್ನದೂ ಒಂದು ಕೇಳಿಬಿಡುತ್ತೇನೆ. ಪರಿಚಯದ ಹುಡುಗರೊಬ್ಬರು ಕೆಲಸಕ್ಕೆ ಅರ್ಜಿ ಹಾಕಿ, ರೆಫರೆನ್ಸ್ ಅಂತ ನನ್ನ ಹೆಸರು, ನಂಬರು ಕೊಟ್ಟುಬಿಟ್ಟಿದ್ದಾರೆ. ಕೇಳಿಲ್ಲ. ನಿನ್ನೆ ಕಂಪನಿಯಿಂದ ಫೋನ್ ಬಂದಾಗಲೇ ಗೊತ್ತಾಗಿದ್ದು. ನಾನಾಗ ಬಸ್ಸಿನಲ್ಲಿ ನೇತಾಡುತ್ತಿದ್ದೆ. "ಅವರ ಸ್ಟ್ರೆಂತ್ ಏನು ಮೇಡಂ" ಅಂತ ಕೇಳುತ್ತಾರೆ.

ಗಾಳಿಪಟ_88
ಏನು ಹೇಳಿದಿರಿ?

ಅಂಚೆಪೆಟ್ಟಿಗೆ
ಧೈರ್ಯ ಜಾಸ್ತಿ ಅಂದೆ.